ಅರ್ಜಿಯೊಡನೆ ಸಲ್ಲಿಸುವ ಕಡತಗಳ ಸ್ವಯಂಚಾಲಿತ ಕುತಂತ್ರಾಂಶ ಪರಿಶೀಲನೆ ಮತ್ತು ವರ್ಗೀಕರಣ: ಸಾರ್ವಜನಿಕರ ಮಾಹಿತಿಗಾಗಿ

ಅಂತರ್ಜಾಲದ ಮುಖಾಂತರ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ಅಂಕಪಟ್ಟಿ, ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ಭಾವಚಿತ್ರ ಮುಂತಾದವುಗಳನ್ನು ಗಣಕೀಕೃತ ಕಡತಗಳ ರೂಪದಲ್ಲಿ ಲಗತ್ತಿಸಬೇಕಾಗಿರುತ್ತದೆ. ಹೀಗೆ ಲಗತ್ತಿಸಿದ ಕಡತವು ಕೆಲವೊಮ್ಮೆ ಭದ್ರತಾ ಪರಿಶೀಲನೆಯಲ್ಲಿ ತಿರಸ್ಕೃತವಾಗಿದೆ ಎಂಬ ಒಂದೇ ಸಾಲಿನ ಸಂದೇಶದೊಡನೆ ಹಿಂದಿರುಗುವುದುಂಟು. ಅರ್ಜಿದಾರರಿಗೆ ಕಾರಣ ತಿಳಿಯುವುದಿಲ್ಲ; ಕೊನೆಯ ದಿನಾಂಕ ಮಾತ್ರ ಸಮೀಪಿಸುತ್ತಿರುತ್ತದೆ. ಆದುದರಿಂದ ಸದರಿ ಪರಿಶೀಲನೆಯು ಹೇಗೆ ನಡೆಯುತ್ತದೆ, ಅದು ಎಲ್ಲಿ ತಪ್ಪಬಹುದು, ಅರ್ಜಿದಾರರು ಹಾಗೂ ಅವರ ಪರವಾಗಿ ಅರ್ಜಿ ತುಂಬುವ ಸೇವಾ ಕೇಂದ್ರಗಳು ಏನು ಮಾಡಬಹುದು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಯಾವ ಜಾಲತಾಣದಲ್ಲಿ ಯಾವ ನಿಯಮಗಳು ಜಾರಿಯಲ್ಲಿವೆ ಎಂಬುದನ್ನು ಭದ್ರತೆಯ ದೃಷ್ಟಿಯಿಂದ ಯಾರೂ ಬಹಿರಂಗಪಡಿಸುವುದಿಲ್ಲವಾದ್ದರಿಂದ, ಇಲ್ಲಿ ಸರ್ವೇಸಾಮಾನ್ಯವಾದ ವಿಧಾನವನ್ನಷ್ಟೇ ತಿಳಿಸಲಾಗಿದೆ.

ಸ್ಥಿರ ವಿಶ್ಲೇಷಣೆ ಎಂದರೇನು

ಗಣಕಯಂತ್ರಕ್ಕೆ ಹಾನಿ ಮಾಡುವ, ಮಾಹಿತಿ ಕದಿಯುವ ಅಥವಾ ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ತಂತ್ರಾಂಶಗಳನ್ನು ಒಟ್ಟಾರೆಯಾಗಿ ಕುತಂತ್ರಾಂಶ ಎಂದು ಕರೆಯಲಾಗುತ್ತದೆ. ವೈರಸ್ ಎಂಬುದು ಅದರ ಒಂದು ಬಗೆ ಮಾತ್ರ. ಒಂದು ಕಡತದಲ್ಲಿ ಕುತಂತ್ರಾಂಶವಿದೆಯೇ ಎಂದು ಅರಿಯಲು ಎರಡು ಮಾರ್ಗಗಳಿವೆ. ಕಡತವನ್ನು ಪ್ರತ್ಯೇಕವಾಗಿರಿಸಿದ ಗಣಕದಲ್ಲಿ ತೆರೆದು, ಅದು ಏನು ಮಾಡುತ್ತದೆ ಎಂದು ಕಾದು ನೋಡುವುದು ಚರ ವಿಶ್ಲೇಷಣೆ. ಕಡತವನ್ನು ತೆರೆಯದೆ, ಚಾಲನೆಗೊಳಿಸದೆ, ಅದರೊಳಗಿನ ಅಕ್ಷರ ಅಂಕಿಗಳನ್ನು ಇದ್ದ ಹಾಗೆಯೇ ಓದಿ ನಿರ್ಣಯಿಸುವುದು ಸ್ಥಿರ ವಿಶ್ಲೇಷಣೆ. ಲೆಕ್ಕ ಪರಿಶೋಧಕರು ಅಂಗಡಿಯಲ್ಲಿ ಕುಳಿತು ದಿನವಿಡೀ ವ್ಯಾಪಾರ ನೋಡುವುದಿಲ್ಲ. ವಹಿ, ರಸೀದಿ, ದಾಸ್ತಾನು ಪುಸ್ತಕಗಳನ್ನು ನೋಡಿಯೇ ವ್ಯವಹಾರದ ಸ್ವರೂಪವನ್ನು ಗ್ರಹಿಸುತ್ತಾರೆ. ಸ್ಥಿರ ವಿಶ್ಲೇಷಣೆಯೂ ಅದೇ ರೀತಿಯದು. ಸಾವಿರಾರು ಅರ್ಜಿಗಳು ಒಂದೇ ದಿನ ಬರುವ ಕಡೆ ಮೊದಲ ಜರಡಿಯಾಗಿ ಇದನ್ನೇ ಬಳಸುವುದಕ್ಕೆ ಕಾರಣವೆಂದರೆ ಇದರ ವೇಗ. ಜೊತೆಗೆ, ಅಪಾಯಕಾರಿ ಕಡತವನ್ನು ಚಾಲನೆಗೊಳಿಸುವ ಪ್ರಮೇಯವೇ ಇಲ್ಲಿ ಬರುವುದಿಲ್ಲ.

ಪರಿಶೀಲನೆ ನಡೆಯುವ ಬಗೆ

ಮೊದಲನೆಯದಾಗಿ ಕಡತದ ನಿಜವಾದ ಪ್ರಕಾರವನ್ನು ಗುರುತಿಸಲಾಗುತ್ತದೆ. ಕಡತದ ಹೆಸರಿನ ಕೊನೆಯಲ್ಲಿ ಪಿಡಿಎಫ್ ಎಂದಿದ್ದ ಮಾತ್ರಕ್ಕೆ ಅದು ಪಿಡಿಎಫ್ ಆಗುವುದಿಲ್ಲ. ನಿಜವಾದ ಪಿಡಿಎಫ್ ಕಡತದ ಆರಂಭದಲ್ಲಿ ಶೇಕಡಾ ಚಿಹ್ನೆಯೊಡನೆ ಪಿ, ಡಿ, ಎಫ್ ಎಂಬ ಅಕ್ಷರಗಳಿರುತ್ತವೆ. ವಿಂಡೋಸ್‌ನಲ್ಲಿ ಚಾಲನೆಗೊಳ್ಳುವ ತಂತ್ರಾಂಶದ ಆರಂಭದಲ್ಲಿ ಎಂ, ಝಡ್ ಎಂಬ ಎರಡು ಅಕ್ಷರಗಳಿರುತ್ತವೆ. ಆ ರೂಪವನ್ನು ರಚಿಸಿದ ಮಾರ್ಕ್ ಝ್ಬಿಕೋವ್ಸ್ಕಿ ಎಂಬ ತಂತ್ರಜ್ಞರ ಹೆಸರಿನ ಮೊದಲಕ್ಷರಗಳವು. ಜಿಪ್ ಕಡತದ ಆರಂಭದಲ್ಲಿ ಪಿ, ಕೆ ಎಂಬ ಅಕ್ಷರಗಳಿದ್ದು, ಅವು ಫಿಲ್ ಕಾಟ್ಜ್ ಅವರ ಹೆಸರಿನವು. ಅಂಕಪಟ್ಟಿ ಎಂಬ ಹೆಸರು ಹೊತ್ತ ಕಡತದ ಮೊದಲೆರಡು ಅಕ್ಷರಗಳು ಎಂ, ಝಡ್ ಆಗಿದ್ದಲ್ಲಿ ಮುಂದಿನ ವಿಚಾರಣೆಯ ಅಗತ್ಯವೇ ಇರುವುದಿಲ್ಲ. ಹೆಸರಿನಲ್ಲಿ ಪಿಡಿಎಫ್ ಎಂದು ಬರೆದು ಅದರ ಮುಂದೆ ಎಕ್ಸೆ ಎಂಬ ಎರಡನೆಯ ಬಾಲವನ್ನು ಅಂಟಿಸುವುದು ಹಳೆಯ ತಂತ್ರವೇ ಆದರೂ, ವಿಂಡೋಸ್ ತನಗೆ ಪರಿಚಿತವಾದ ಬಾಲಗಳನ್ನು ರೂಢಿಯಂತೆ ಮರೆಮಾಡುವುದರಿಂದ ಇಂದಿಗೂ ಜನರು ಇದಕ್ಕೆ ಮೋಸಹೋಗುತ್ತಿದ್ದಾರೆ.

ಎರಡನೆಯದಾಗಿ ಕಡತದ ಹ್ಯಾಶ್ ಮೌಲ್ಯವನ್ನು ಲೆಕ್ಕಹಾಕಲಾಗುತ್ತದೆ. ಇದನ್ನು ಕಡತದ ಬೆರಳಚ್ಚು ಎನ್ನಬಹುದು. ಶಾ-256 ಎಂಬ ವಿಧಾನದಲ್ಲಿ ಎಷ್ಟೇ ದೊಡ್ಡ ಕಡತಕ್ಕಾದರೂ 64 ಅಕ್ಷರಾಂಕಗಳ ಒಂದು ಮೌಲ್ಯ ದೊರೆಯುತ್ತದೆ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಮೌಲ್ಯವು ಪೂರ್ಣವಾಗಿ ಬದಲಾಗುತ್ತದೆ. ಈಗಾಗಲೇ ಪತ್ತೆಯಾದ ಕುತಂತ್ರಾಂಶಗಳ ಬೆರಳಚ್ಚುಗಳ ಪಟ್ಟಿಯೊಡನೆ ಇದನ್ನು ತಾಳೆ ನೋಡಲಾಗುತ್ತದೆ. ಹಿಂದೆ ಈ ಕಾರ್ಯಕ್ಕೆ ಎಂಡಿ5 ಬಳಕೆಯಲ್ಲಿತ್ತು. ಎರಡು ಬೇರೆ ಬೇರೆ ಕಡತಗಳಿಗೆ ಒಂದೇ ಎಂಡಿ5 ಮೌಲ್ಯ ಬರುವಂತೆ ಮಾಡಬಹುದೆಂದು 2004ರಲ್ಲಿ ಚೀನಾದ ಸಂಶೋಧಕರು ತೋರಿಸಿದರು. 2012ರಲ್ಲಿ ಬೆಳಕಿಗೆ ಬಂದ ಫ್ಲೇಮ್ ಎಂಬ ಕುತಂತ್ರಾಂಶವು ಇದೇ ದೌರ್ಬಲ್ಯವನ್ನು ಬಳಸಿ ಮೈಕ್ರೋಸಾಫ್ಟ್ ಸಂಸ್ಥೆಯದೆಂದು ತೋರುವ ಪ್ರಮಾಣಪತ್ರವನ್ನು ಸೃಷ್ಟಿಸಿಕೊಂಡಿತ್ತು. 2017ರಲ್ಲಿ ಶಾ-1 ವಿಧಾನಕ್ಕೂ ಇದೇ ಗತಿಯಾಯಿತು. ಆದುದರಿಂದ ಹೊಸದಾಗಿ ವ್ಯವಸ್ಥೆ ಮಾಡಿಕೊಳ್ಳುವವರು ಶಾ-256 ಅನ್ನೇ ಬಳಸತಕ್ಕದ್ದು.

ಬೆರಳಚ್ಚಿನ ಹೋಲಿಕೆಗೆ ಸಿಗದ ಕಡತವನ್ನು ಒಳಹೊಕ್ಕು ನೋಡಬೇಕಾಗುತ್ತದೆ. ಪಿಡಿಎಫ್ ಕಡತದಲ್ಲಿ ಜಾವಾಸ್ಕ್ರಿಪ್ಟ್ ಇದೆಯೇ, ತೆರೆದ ಕೂಡಲೇ ತಾನಾಗಿ ಏನನ್ನಾದರೂ ನಡೆಸುವ ಆದೇಶವಿದೆಯೇ, ಒಳಗೆ ಇನ್ನೊಂದು ಕಡತವನ್ನು ಹುದುಗಿಸಲಾಗಿದೆಯೇ ಎಂದು ನೋಡಲಾಗುತ್ತದೆ. ಇದಕ್ಕೆ ಬೆಲ್ಜಿಯಂನ ಡಿಡಿಯೆ ಸ್ಟೀವನ್ಸ್ ಅವರು ಉಚಿತವಾಗಿ ಒದಗಿಸಿರುವ ಪಿಡಿಎಫ್‌ಐಡಿ ಎಂಬ ಚಿಕ್ಕ ಸಾಧನವು ಸಾಕಾಗುತ್ತದೆ. ವರ್ಡ್ ಮತ್ತು ಎಕ್ಸೆಲ್ ಕಡತಗಳಲ್ಲಿ ಮ್ಯಾಕ್ರೋಗಳನ್ನು ಹುಡುಕಲು ಓಲೆಟೂಲ್ಸ್ ಎಂಬ ಸಾಧನಗಳಿವೆ. ಅಂತರ್ಜಾಲದಿಂದ ಬಂದ ಕಡತಗಳಲ್ಲಿನ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯಲಾರಂಭಿಸಿದೆಯಾದರೂ, ಹಳೆಯ ಆವೃತ್ತಿಗಳು ಅನೇಕ ಕಚೇರಿಗಳಲ್ಲಿ ಹಾಗೂ ಅಂಗಡಿಗಳಲ್ಲಿ ಇನ್ನೂ ಉಳಿದಿವೆ.

ಕಡತದ ಅಂಶಗಳು ಎಷ್ಟು ಕಲಸಿಹೋಗಿವೆ ಎಂಬುದರ ಅಳತೆಯೂ ಇದೆ. ಎಂಟ್ರೊಪಿ ಎಂದು ಕರೆಯಲಾಗುವ ಈ ಅಳತೆಯು 0ಯಿಂದ 8ರವರೆಗೆ ಇರುತ್ತದೆ. ಸಾಮಾನ್ಯ ಬರಹದಲ್ಲಿ ಇದು ಕಡಿಮೆ. ಬೀಗ ಹಾಕಿದ ಅಥವಾ ಒತ್ತಿ ಕಿರಿದುಗೊಳಿಸಿದ ಭಾಗಗಳಲ್ಲಿ 8ಕ್ಕೆ ಸಮೀಪ. ಕುತಂತ್ರಾಂಶ ರಚಿಸುವವರು ತಮ್ಮ ಕೆಲಸವನ್ನು ಮರೆಮಾಚಲು ಹೀಗೆ ಒತ್ತಿ ಕಟ್ಟುವುದರಿಂದ ಹೆಚ್ಚಿನ ಎಂಟ್ರೊಪಿಯನ್ನು ಅನುಮಾನದ ಅಂಶವಾಗಿ ಪರಿಗಣಿಸುತ್ತಾರೆ. ಆದರೆ ಜೆಪಿಇಜಿ ಭಾವಚಿತ್ರವೂ ಜಿಪ್ ಕಡತವೂ ಸ್ವಭಾವತಃ ಹಾಗೆಯೇ ಇರುತ್ತವೆ. ಇದೊಂದನ್ನೇ ನಂಬಿ ತಿರಸ್ಕರಿಸುವ ವ್ಯವಸ್ಥೆಯು ಸ್ಕ್ಯಾನ್ ಮಾಡಿದ ಅಂಕಪಟ್ಟಿಗಳನ್ನೆಲ್ಲ ತಿರಸ್ಕರಿಸೀತು.

ವರ್ಗೀಕರಣ

ಕಡತ ಕೆಟ್ಟದ್ದೆಂದು ತಿಳಿದರೆ ಸಾಲದು. ಯಾವ ಬಳಗಕ್ಕೆ ಸೇರಿದ್ದು ಎಂದೂ ತಿಳಿಯಬೇಕು. ಜಾಹೀರಾತು ತೋರಿಸುವ ತಂತ್ರಾಂಶಕ್ಕೂ ಬ್ಯಾಂಕಿನ ಗುಪ್ತಪದ ಕದಿಯುವ ತಂತ್ರಾಂಶಕ್ಕೂ ಕೈಗೊಳ್ಳಬೇಕಾದ ಕ್ರಮಗಳು ಬೇರೆ ಬೇರೆ. ಎರಡನೆಯ ಸಂದರ್ಭದಲ್ಲಿ ಗಣಕವನ್ನು ಶುಚಿಗೊಳಿಸುವ ಮೊದಲೇ ಬ್ಯಾಂಕಿಗೆ ದೂರವಾಣಿ ಮಾಡಬೇಕಾಗುತ್ತದೆ.

ಒಂದೇ ಬಳಗದ ಕಡತಗಳು ಅಲ್ಪಸ್ವಲ್ಪ ಬದಲಾವಣೆಯೊಡನೆ ಬರುತ್ತಿರುವುದರಿಂದ ಸಾಮಾನ್ಯ ಹ್ಯಾಶ್ ಇಲ್ಲಿ ಪ್ರಯೋಜನಕ್ಕೆ ಬಾರದು. 2006ರಲ್ಲಿ ಜೆಸ್ಸಿ ಕೋರ್ನ್‌ಬ್ಲಮ್ ಅವರು ರೂಪಿಸಿದ ಎಸ್‌ಎಸ್‌ಡೀಪ್ ಎಂಬ ಸಾಧನವು ಎರಡು ಕಡತಗಳ ನಡುವಿನ ಸಾಮ್ಯವನ್ನು 0ಯಿಂದ 100ರವರೆಗಿನ ಅಂಕದಲ್ಲಿ ತಿಳಿಸುತ್ತದೆ. ಯಾರಾ ಎಂಬ ಇನ್ನೊಂದು ಸಾಧನದಲ್ಲಿ, ಇಂತಿಂತಹ ಪದಗಳು ಅಥವಾ ಅಂಕಿಗಳ ಸರಣಿ ಇದ್ದರೆ ಇಂತಹ ಬಳಗ ಎಂದು ನಿಯಮಗಳನ್ನು ಬರೆದಿಡಬಹುದು. ಇದನ್ನು ರೂಪಿಸಿದವರು ವೈರಸ್‌ಟೋಟಲ್ ಸಂಸ್ಥೆಯ ವಿಕ್ಟರ್ ಆಲ್ವಾರೆಜ್. ಯಂತ್ರಕಲಿಕೆಯ ವಿಧಾನಗಳೂ ಬಳಕೆಗೆ ಬಂದಿವೆ. 2015ರಲ್ಲಿ ಮೈಕ್ರೋಸಾಫ್ಟ್ ಏರ್ಪಡಿಸಿದ್ದ ಮುಕ್ತ ಸ್ಪರ್ಧೆಯಲ್ಲಿ 9 ಬಳಗಗಳಿಗೆ ಸೇರಿದ 10,868 ಮಾದರಿಗಳನ್ನು ಕಲಿಕೆಗಾಗಿ ನೀಡಲಾಗಿತ್ತು. ಅಂದಿನಿಂದ ಈ ಕ್ಷೇತ್ರದ ಅಧ್ಯಯನಗಳಲ್ಲಿ ಅದೇ ಸಂಗ್ರಹವು ಮತ್ತೆ ಮತ್ತೆ ಬಳಕೆಯಾಗುತ್ತಿದೆ.

ಹೆಸರುಗಳ ವಿಷಯದಲ್ಲಿ ಮಾತ್ರ ಏಕರೂಪತೆ ಇಲ್ಲ. 1991ರಲ್ಲಿಯೇ ಹೆಸರಿಡುವ ಕ್ರಮವೊಂದನ್ನು ತಜ್ಞರು ರೂಪಿಸಿದ್ದರೂ, ಒಂದೇ ಕಡತಕ್ಕೆ ಒಂದು ಸಂಸ್ಥೆ ಒಂದು ಹೆಸರನ್ನೂ ಇನ್ನೊಂದು ಸಂಸ್ಥೆ ಬೇರೊಂದು ಹೆಸರನ್ನೂ ನೀಡುವುದು ಇಂದಿಗೂ ರೂಢಿಯಲ್ಲಿದೆ. ಎರಡು ವರದಿಗಳಲ್ಲಿ ಎರಡು ಹೆಸರು ಕಂಡ ಮಾತ್ರಕ್ಕೆ ಎರಡು ಸೋಂಕುಗಳಿವೆ ಎಂದು ಗಾಬರಿಯಾಗಬೇಕಾಗಿಲ್ಲ.

ನಿರ್ದೋಷಿ ಕಡತವು ತಿರಸ್ಕೃತವಾಗುವುದೇಕೆ

ಈ ಶಾಖೆಯ ಅಭಿಪ್ರಾಯದಲ್ಲಿ ಅರ್ಜಿದಾರರು ಅವಶ್ಯವಾಗಿ ಅರಿಯಬೇಕಾದ ಭಾಗ ಇದು. ಒಂದು ಲೆಕ್ಕವನ್ನು ಗಮನಿಸಬಹುದು. 10,000 ಕಡತಗಳು ಬಂದಿವೆ, ಅವುಗಳ ಪೈಕಿ 10 ಮಾತ್ರ ನಿಜವಾಗಿ ಅಪಾಯಕಾರಿ ಎಂದಿಟ್ಟುಕೊಳ್ಳೋಣ. ಪರಿಶೀಲನಾ ಸಾಧನವು ಕೆಟ್ಟದ್ದನ್ನು ಬಹುತೇಕ ಬಿಡದೆ ಹಿಡಿಯುತ್ತದೆ, ಆದರೆ ಒಳ್ಳೆಯ ಕಡತಗಳಲ್ಲಿ ಶೇಕಡಾ 1ರಷ್ಟನ್ನು ತಪ್ಪಾಗಿ ಹಿಡಿಯುತ್ತದೆ ಎಂದುಕೊಂಡರೆ, ಸರಿಯಾಗಿ ಹಿಡಿದವು ಸುಮಾರು 10, ತಪ್ಪಾಗಿ ಹಿಡಿದವು ಸುಮಾರು 100. ಅರ್ಥಾತ್ ತಿರಸ್ಕೃತವಾದ 110 ಕಡತಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಿರ್ದೋಷಿಗಳವು. ಶೇಕಡಾ 99ರಷ್ಟು ನಿಖರ ಎಂಬ ಮಾತು ಕೇಳಲು ಹಿತವಾಗಿದ್ದರೂ, ಆ ನೂರು ಮಂದಿಯಲ್ಲಿ ಒಬ್ಬರು ವಿದ್ಯಾರ್ಥಿವೇತನದ ಕೊನೆಯ ದಿನ ಅರ್ಜಿ ಹಾಕಿದವರಾಗಿರಬಹುದು. ಆದಕಾರಣ ತಿರಸ್ಕೃತ ಎಂಬ ಸಂದೇಶವನ್ನು ಅರ್ಜಿದಾರರ ಮೇಲಿನ ಆರೋಪವೆಂದು ಭಾವಿಸಬಾರದು. ಅಧಿಕಾರಿಗಳೂ ಹಾಗೆ ಭಾವಿಸಬಾರದು.

ಇದು ಕೇವಲ ಊಹೆಯ ಮಾತಲ್ಲ. ದಿನಾಂಕ 21-04-2010ರಂದು ಮೆಕಾಫಿ ಸಂಸ್ಥೆಯು ಹೊರಡಿಸಿದ ಪರಿಷ್ಕರಣೆಯೊಂದು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವಾದ ಎಸ್‌ವಿಸಿಹೋಸ್ಟ್ ಅನ್ನೇ ವೈರಸ್ ಎಂದು ಗುರುತಿಸಿತು. ಪರಿಣಾಮವಾಗಿ ಅನೇಕ ದೇಶಗಳಲ್ಲಿ ಗಣಕಯಂತ್ರಗಳು ತಾವಾಗಿಯೇ ಮತ್ತೆ ಮತ್ತೆ ಮರುಚಾಲನೆಗೊಂಡು ನಿರುಪಯುಕ್ತವಾದವು.

ಅರ್ಜಿಗಳ ವಿಷಯದಲ್ಲಿ ತಪ್ಪು ತಿರಸ್ಕಾರಕ್ಕೆ ಸಾಮಾನ್ಯ ಕಾರಣಗಳು ಕೆಲವೇ. ತುಂಬಬಹುದಾದ ಪಿಡಿಎಫ್ ನಮೂನೆಗಳಲ್ಲಿ ಮೊತ್ತ ಕೂಡಿಸುವ ಸಲುವಾಗಿ ಜಾವಾಸ್ಕ್ರಿಪ್ಟ್ ಅಳವಡಿಸಿರುತ್ತಾರೆ. ಪರಿಶೀಲನಾ ಸಾಧನಕ್ಕೆ ಅದರ ಉದ್ದೇಶ ತಿಳಿಯದು. ಅದನ್ನು ಮುದ್ರಣದ ಆಯ್ಕೆಯಲ್ಲಿ ಪಿಡಿಎಫ್ ಆಗಿ ಮತ್ತೆ ಉಳಿಸಿದರೆ ಜಾವಾಸ್ಕ್ರಿಪ್ಟ್ ಬಿಟ್ಟುಹೋಗುತ್ತದೆ. ಜಿಪ್ ಕಡತವನ್ನು ಬರಿಯ ಹೆಸರು ಬದಲಿಸಿ ಪಿಡಿಎಫ್ ಎಂದು ಕಳುಹಿಸುವವರೂ ಇದ್ದಾರೆ. ಅದು ತಿರಸ್ಕೃತವಾಗುವುದು ನ್ಯಾಯವೇ.

ಗುಪ್ತಪದವಿರುವ ಕಡತಗಳು ಮತ್ತು ಇ-ಆಧಾರ್

ಗುಪ್ತಪದ ಹಾಕಿದ ಕಡತದ ಒಳಭಾಗವನ್ನು ಸ್ಥಿರ ವಿಶ್ಲೇಷಣೆಯು ಓದಲಾರದು. ಕುತಂತ್ರಾಂಶ ಕಳುಹಿಸುವವರು ಜಿಪ್ ಕಡತಕ್ಕೆ ಗುಪ್ತಪದ ಹಾಕಿ, ಆ ಗುಪ್ತಪದವನ್ನು ಪತ್ರದಲ್ಲಿಯೇ ಬರೆಯುವುದು ಈ ಕಾರಣದಿಂದಲೇ. ಆದುದರಿಂದ ಕಟ್ಟುನಿಟ್ಟಾದ ಜಾಲತಾಣಗಳು ಗುಪ್ತಪದವಿರುವ ಯಾವುದೇ ಕಡತವನ್ನು ಸ್ವೀಕರಿಸುವುದಿಲ್ಲ. ಆದರೆ ನಾಗರಿಕರು ಇಳಿಸಿಕೊಳ್ಳುವ ಇ-ಆಧಾರ್ ಕಡತವು ಗುಪ್ತಪದದೊಡನೆಯೇ ಬರುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಮತ್ತು ಜನ್ಮ ವರ್ಷ. ಇ-ಪ್ಯಾನ್ ಕಡತಕ್ಕೂ ಜನ್ಮ ದಿನಾಂಕವೇ ಗುಪ್ತಪದ. ಇವನ್ನು ಇಳಿಸಿಕೊಂಡ ಹಾಗೆಯೇ ಅಪ್‌ಲೋಡ್ ಮಾಡಿದವರಿಗೆ ತಿರಸ್ಕಾರದ ಸಂದೇಶ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಪರಿಹಾರವೆಂದರೆ ಕಡತವನ್ನು ಗುಪ್ತಪದದಿಂದ ತೆರೆದು, ಮುದ್ರಣದ ಆಯ್ಕೆಯ ಮೂಲಕ ಹೊಸ ಪಿಡಿಎಫ್ ಆಗಿ ಉಳಿಸಿ ಸಲ್ಲಿಸುವುದು. ಹೀಗೆ ಮಾಡಿದಾಗ ಮೂಲದಲ್ಲಿದ್ದ ಡಿಜಿಟಲ್ ಸಹಿಯು ಉಳಿಯುವುದಿಲ್ಲ ಎಂಬುದನ್ನು ಗಮನದಲ್ಲಿಡತಕ್ಕದ್ದು. ಮೂಲ ಕಡತವನ್ನು ಅಳಿಸಬಾರದು. ಜಾಲತಾಣದಲ್ಲಿ ಡಿಜಿಲಾಕರ್ ಮುಖಾಂತರ ದಾಖಲೆ ಪಡೆಯುವ ಅವಕಾಶವಿದ್ದಲ್ಲಿ ಅದೇ ಲೇಸು. ಅರ್ಜಿದಾರರ ಗಣಕದಿಂದ ಕಡತವೇ ಬಾರದ ಮೇಲೆ ಈ ತೊಡಕು ಇರುವುದಿಲ್ಲ.

ಸೇವಾ ಕೇಂದ್ರ ಹಾಗೂ ಸೈಬರ್ ಕೇಂದ್ರ ನಡೆಸುವವರ ಗಮನಕ್ಕೆ

ಜೆರಾಕ್ಸ್ ಅಂಗಡಿಗೆ ಕೊಟ್ಟ ಪೆನ್‌ಡ್ರೈವ್ ಹಿಂದಿರುಗಿ ಬಂದಾಗ ಕಡತಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕಾಣುವುದು ಬಹಳ ಮಂದಿಯ ಅನುಭವ. ಮೂಲ ಕಡತಗಳು ಅಳಿದಿರುವುದಿಲ್ಲ, ಮರೆಯಾಗಿರುತ್ತವೆ. ಶಾರ್ಟ್‌ಕಟ್ ಒತ್ತಿದಾಗ ಮೊದಲು ಕುತಂತ್ರಾಂಶವು ಚಾಲನೆಗೊಂಡು ನಂತರ ಕಡತ ತೆರೆಯುತ್ತದೆ. ಒಂದು ಅಂಗಡಿಯ ಒಂದು ಗಣಕದಿಂದ ಇಡೀ ಊರಿನ ಪೆನ್‌ಡ್ರೈವ್‌ಗಳಿಗೆ ಇದು ಹರಡಬಲ್ಲದು. ಆದ್ದರಿಂದ ದಿನಕ್ಕೆ ಹತ್ತಾರು ಜನರ ದಾಖಲೆಗಳನ್ನು ನಿರ್ವಹಿಸುವ ಕೇಂದ್ರಗಳು ಅಲ್ಪ ವೆಚ್ಚದಲ್ಲಿ ತಮ್ಮದೇ ಪರಿಶೀಲನಾ ಗಣಕವನ್ನು ಇರಿಸಿಕೊಳ್ಳುವುದು ಸೂಕ್ತ.

ಇದಕ್ಕೆ ಹಳೆಯ ಗಣಕಯಂತ್ರವೊಂದು ಸಾಕು. ಸ್ಮರಣಶಕ್ತಿ ಕನಿಷ್ಠ 4 ಜಿಬಿ ಇದ್ದರೆ ಒಳಿತು. ಅದರಲ್ಲಿ ಲಿನಕ್ಸ್ ಅಳವಡಿಸಿದರೆ ವಿಂಡೋಸ್‌ಗಾಗಿ ರಚಿಸಿದ ಕುತಂತ್ರಾಂಶವು ಆಕಸ್ಮಿಕವಾಗಿ ಚಾಲನೆಗೊಳ್ಳುವ ಸಂಭವ ಬಹುಮಟ್ಟಿಗೆ ತಪ್ಪುತ್ತದೆ. ಪರಿಶೀಲನೆಗೆ ಕ್ಲಾಮ್‌ಎವಿ ಎಂಬ ಮುಕ್ತ ತಂತ್ರಾಂಶವಿದ್ದು, ಸಿಸ್ಕೊ ಸಂಸ್ಥೆಯು 2013ರಿಂದ ಇದನ್ನು ನಿರ್ವಹಿಸುತ್ತಿದೆ, ಬಳಕೆಗೆ ಶುಲ್ಕವಿಲ್ಲ. ಫ್ರೆಶ್‌ಕ್ಲಾಮ್ ಎಂಬ ಅದರ ಅಂಗವು ಪ್ರತಿದಿನ ಹೊಸ ಗುರುತುಗಳ ಪಟ್ಟಿಯನ್ನು ತರುವಂತೆ ಮಾಡಬೇಕು. ಆವಕ ಎಂದು ಒಂದು ಕೋಶ, ಪ್ರತ್ಯೇಕಿಸಿದವು ಎಂದು ಇನ್ನೊಂದು ಕೋಶ ಮಾಡಿ, ಆವಕಕ್ಕೆ ಬಂದ ಪ್ರತಿ ಕಡತದ ಶಾ-256 ಮೌಲ್ಯ, ಪ್ರಕಾರ, ಕ್ಲಾಮ್‌ಎವಿ ಫಲಿತಾಂಶ, ಯಾರಾ ನಿಯಮಗಳ ಫಲಿತಾಂಶ ಮತ್ತು ಸಮಯವನ್ನು ಒಂದು ವಹಿಯಲ್ಲಿ ತಾನಾಗಿಯೇ ದಾಖಲಾಗುವಂತೆ ಮಾಡಿಕೊಳ್ಳಬೇಕು. ಈ ವಹಿ ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಪ್ರಯೋಜನವಿಲ್ಲ. ನಾಳೆ ವಿವಾದವಾದಾಗ ತೋರಿಸಲು ಏನೂ ಇರುವುದಿಲ್ಲ. ಅನುಮಾನಿತ ಕಡತಗಳನ್ನು ಅಳಿಸದೆ ಪ್ರತ್ಯೇಕ ಕೋಶಕ್ಕೆ ಸರಿಸಬೇಕು, ಏಕೆಂದರೆ ಅದು ಗ್ರಾಹಕರ ಏಕೈಕ ಪ್ರತಿಯಾಗಿರಬಹುದು.

ವ್ಯವಸ್ಥೆ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ನಿಜವಾದ ವೈರಸ್ ಬೇಕಾಗಿಲ್ಲ. ಐಕಾರ್ ಎಂಬ 68 ಅಕ್ಷರಗಳ ನಿರಪಾಯಕಾರಿ ಪರೀಕ್ಷಾ ಕಡತವನ್ನು ಇದಕ್ಕಾಗಿಯೇ ರೂಪಿಸಲಾಗಿದೆ. ವೈರಸ್ ನಿರೋಧಕ ತಂತ್ರಾಂಶಗಳು ಅದನ್ನು ವೈರಸ್‌ನಂತೆಯೇ ಗುರುತಿಸಿ ತೋರಿಸುತ್ತವೆ. ಅಳವಡಿಸುವವರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಅಂಶವಿದೆ. ಕ್ಲಾಮ್‌ಎವಿ ತನ್ನ ಮೂಲ ಸಂಯೋಜನೆಯಲ್ಲಿ ಗಾತ್ರದ ಮಿತಿ ಮೀರಿದ ಕಡತವನ್ನಾಗಲಿ ಗುಪ್ತಪದವಿರುವ ಜಿಪ್ ಕಡತವನ್ನಾಗಲಿ ಪೂರ್ಣವಾಗಿ ನೋಡದೆಯೇ ದೋಷವಿಲ್ಲವೆಂದು ವರದಿ ಮಾಡುತ್ತದೆ. ಇವೆರಡಕ್ಕೂ ಎಚ್ಚರಿಕೆ ನೀಡುವ ಆಯ್ಕೆಗಳು ಅದರಲ್ಲಿಯೇ ಇದ್ದು, ಅವನ್ನು ಜಾರಿಗೊಳಿಸಿಕೊಳ್ಳತಕ್ಕದ್ದು. ತಾಳೆಪಟ್ಟಿ ಹೊಂದಿಕೆಯಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲವೆಂದು ಅರ್ಥವಲ್ಲ ಎಂಬುದು ವಾಣಿಜ್ಯ ಓದಿದವರಿಗೆಲ್ಲ ಗೊತ್ತು. ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಪತ್ತೆಹಚ್ಚುವ ಸೂತ್ರ ಸಾಧ್ಯವಿಲ್ಲವೆಂದು ಫ್ರೆಡ್ ಕೋಹೆನ್ ಅವರು 1980ರ ದಶಕದಲ್ಲಿಯೇ ಗಣಿತದ ಮೂಲಕ ತೋರಿಸಿದ್ದಾರೆ.

ದಾಖಲೆಗಳನ್ನು ಹೊರಗಿನ ತಾಣಗಳಿಗೆ ಕಳುಹಿಸುವ ಬಗ್ಗೆ ಎಚ್ಚರಿಕೆ

ಸ್ಪೇನ್ ದೇಶದ ಮಲಗಾ ನಗರದಲ್ಲಿ 2004ರಲ್ಲಿ ಆರಂಭವಾಗಿ 2012ರಿಂದ ಗೂಗಲ್ ಒಡೆತನಕ್ಕೆ ಸೇರಿದ ವೈರಸ್‌ಟೋಟಲ್ ತಾಣದಲ್ಲಿ ಒಂದು ಕಡತವನ್ನು ಹತ್ತಾರು ವೈರಸ್ ನಿರೋಧಕ ತಂತ್ರಾಂಶಗಳಿಂದ ಏಕಕಾಲದಲ್ಲಿ ಉಚಿತವಾಗಿ ಪರೀಕ್ಷಿಸಬಹುದು. ಸಾಧನ ಉಪಯುಕ್ತವಾದದ್ದೇ. ಆದರೆ ಅಲ್ಲಿ ಸಲ್ಲಿಸಿದ ಕಡತವು ಭದ್ರತಾ ಸಂಸ್ಥೆಗಳೊಡನೆ ಹಂಚಿಕೆಯಾಗುತ್ತದೆ ಹಾಗೂ ಶುಲ್ಕ ತೆತ್ತ ಚಂದಾದಾರರು ಅದನ್ನು ಇಳಿಸಿಕೊಳ್ಳಬಹುದಾಗಿರುತ್ತದೆ. ಗ್ರಾಹಕರ ಆಧಾರ್, ಬ್ಯಾಂಕ್ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರಗಳನ್ನು ವೈರಸ್ ಪರೀಕ್ಷೆಯ ನೆಪದಲ್ಲಿ ಅಲ್ಲಿ ಹಾಕಿದರೆ ವೈರಸ್ ಮಾಡುವ ಹಾನಿಯನ್ನು ನಾವೇ ಮಾಡಿದಂತಾಗುತ್ತದೆ. ಅನುಮಾನವಿದ್ದಲ್ಲಿ ಕಡತವನ್ನು ಕಳುಹಿಸದೆ ಅದರ ಶಾ-256 ಮೌಲ್ಯವನ್ನು ಮಾತ್ರ ತಾಣದ ಹುಡುಕು ಪೆಟ್ಟಿಗೆಯಲ್ಲಿ ನಮೂದಿಸಿ ನೋಡಬಹುದು. ಆ ಕಡತವನ್ನು ಮೊದಲೇ ಯಾರಾದರೂ ಪರೀಕ್ಷಿಸಿದ್ದರೆ ಫಲಿತಾಂಶ ದೊರೆಯುತ್ತದೆ. ಮೌಲ್ಯದಿಂದ ಕಡತದ ವಿಷಯವನ್ನು ಯಾರೂ ಓದಲಾರರು.

ಮೊಬೈಲ್‌ಗೆ ಬರುವ ಎಪಿಕೆ ಕಡತಗಳು

ಇತ್ತೀಚಿನ ವರ್ಷಗಳಲ್ಲಿ ವಾಟ್ಸ್‌ಆ್ಯಪ್ ಮೂಲಕ ಬರುವ ಎಪಿಕೆ ಕಡತಗಳಿಂದಲೂ ಹಣಕಾಸು ಹಾನಿ ಆಗುತ್ತಿದೆ. ವಾಹನದ ದಂಡದ ಚಲನ್ ಬಾಕಿ ಇದೆ ಎಂಬ ಸಂದೇಶದೊಡನೆ ಪರಿವಾಹನ್ ಹೆಸರಿನ ನಕಲಿ ಆ್ಯಪ್ ಕಳುಹಿಸುವ ಜಾಲದ ಬಗ್ಗೆ ಬೆಂಗಳೂರಿನಲ್ಲಿ ಕಾರ್ಯನಿರ್ವಹಿಸುವ ಕ್ಲೌಡ್‌ಸೆಕ್ ಸಂಸ್ಥೆಯು 2024ರ ಜುಲೈನಲ್ಲಿ ವರದಿ ಪ್ರಕಟಿಸಿತು. 4,400ಕ್ಕೂ ಹೆಚ್ಚು ಮೊಬೈಲ್‌ಗಳು ಸೋಂಕಿಗೆ ಒಳಗಾಗಿದ್ದವೆಂದು ಅದರಲ್ಲಿ ತಿಳಿಸಲಾಗಿತ್ತು.

ಎಪಿಕೆ ಎಂಬುದು ವಾಸ್ತವವಾಗಿ ಒಂದು ಜಿಪ್ ಕಟ್ಟು. ಅದರೊಳಗಿನ ಮ್ಯಾನಿಫೆಸ್ಟ್ ಎಂಬ ಘೋಷಣಾ ಪತ್ರದಲ್ಲಿ ಆ್ಯಪ್ ಕೇಳುವ ಅನುಮತಿಗಳೆಲ್ಲ ನಮೂದಾಗಿರುತ್ತವೆ. ಚಲನ್ ತೋರಿಸಬೇಕಾದ ಆ್ಯಪ್ ಸಂಕ್ಷಿಪ್ತ ಸಂದೇಶಗಳನ್ನು ಓದಲು, ಸಂಪರ್ಕ ಪಟ್ಟಿ ನೋಡಲು ಅಥವಾ ಆಕ್ಸೆಸಿಬಿಲಿಟಿ ಸೌಲಭ್ಯ ಬಳಸಲು ಅನುಮತಿ ಕೇಳಿದರೆ, ಅದು ಒಟಿಪಿ ಕದಿಯುವ ಸಾಧನವೆಂದು ಸ್ಥಿರ ವಿಶ್ಲೇಷಣೆಯು ವರ್ಗೀಕರಿಸುತ್ತದೆ. ಇದೇ ವಿವೇಚನೆಯನ್ನು ನಾಗರಿಕರೂ ಅನುಮತಿ ಕೇಳುವ ತೆರೆಯ ಮೇಲೆ ಮಾಡಬಹುದು. ದಂಡದ ವಿವರವನ್ನು ಅಧಿಕೃತ ಜಾಲತಾಣದಲ್ಲಿಯೇ ನೋಡಬಹುದಾಗಿದ್ದು, ಅದಕ್ಕಾಗಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಅಳವಡಿಸಿಕೊಳ್ಳುವ ಅಗತ್ಯ ಯಾವ ಸಂದರ್ಭದಲ್ಲಿಯೂ ಇರುವುದಿಲ್ಲ.

ದೂರು ಮತ್ತು ನೆರವು

ಹಣ ಕಳೆದುಕೊಂಡವರು ಕೂಡಲೇ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸತಕ್ಕದ್ದು. ಹಣ ಮುಂದಿನ ಖಾತೆಗಳಿಗೆ ದಾಟುವ ಮೊದಲು ತಡೆಹಿಡಿಯುವ ಸಾಧ್ಯತೆ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಹೆಚ್ಚು. ಅನುಮಾನಿತ ಎಪಿಕೆ ಕಡತವನ್ನೂ ಅದು ಬಂದ ಸಂದೇಶವನ್ನೂ ಅಳಿಸಬಾರದು. ತನಿಖೆಗೆ ಅವೇ ಸಾಕ್ಷ್ಯ. ಸೋಂಕಿತ ಗಣಕಗಳನ್ನು ಶುಚಿಗೊಳಿಸುವ ಉಚಿತ ಸಾಧನಗಳನ್ನು ಕೇಂದ್ರ ಸರ್ಕಾರವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಿಂದ ಪಡೆಯಬಹುದು. ಅನುಮತಿಯಿಲ್ಲದೆ ಅನ್ಯರ ಗಣಕಕ್ಕೆ ವೈರಸ್ ಸೇರಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ ಪ್ರಕರಣ 43ರ ವ್ಯಾಪ್ತಿಗೆ ಬರುತ್ತದೆ. ದುರುದ್ದೇಶದಿಂದ ಮಾಡಿದಲ್ಲಿ ಪ್ರಕರಣ 66ರ ಅನ್ವಯ 3 ವರ್ಷಗಳವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿರುತ್ತದೆ. ತಿಳಿಯದೆ ಸೋಂಕಿತ ಕಡತ ಸಲ್ಲಿಸಿದ ಅರ್ಜಿದಾರರು ಇದಕ್ಕೆ ಅಂಜಬೇಕಾಗಿಲ್ಲ.

ಕೊನೆಯ ದಿನದಂದು ಕಡತ ತಿರಸ್ಕೃತವಾದಲ್ಲಿ ದಿನಾಂಕ ಮತ್ತು ಸಮಯ ಕಾಣುವಂತೆ ತೆರೆಯ ಚಿತ್ರ ತೆಗೆದುಕೊಂಡು, ಕಡತದ ಹೆಸರು ಹಾಗೂ ಅರ್ಜಿ ಸಂಖ್ಯೆಯೊಡನೆ ಸಂಬಂಧಪಟ್ಟ ಸಹಾಯವಾಣಿಗೆ ಅದೇ ದಿನ ಲಿಖಿತವಾಗಿ ತಿಳಿಸಿ ಸ್ವೀಕೃತಿ ಸಂಖ್ಯೆ ಪಡೆಯತಕ್ಕದ್ದು. ಮೂಲ ದಾಖಲೆಯನ್ನು ಬೇರೊಂದು ಗಣಕದಲ್ಲಿ ಹೊಸದಾಗಿ ಸ್ಕ್ಯಾನ್ ಮಾಡಿ ಮರುಸಲ್ಲಿಸುವ ಪ್ರಯತ್ನವನ್ನು ಇದರ ಜೊತೆಜೊತೆಗೇ ಮಾಡಬಹುದು.